ಪಹಣಿಯಲ್ಲಿ ಹೆಸರಿಲ್ಲದ ಯಜಮಾನಿ

ಮಲೆನಾಡಿನ ಯಾವ ಸಹಕಾರ ಸಂಘದ ಹಳೆಯ ಸದಸ್ಯರ ರಿಜಿಸ್ಟರನ್ನು ತಿರುವಿದರೂ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಸದಸ್ಯರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ‘ಮೃತ’ ಎಂಬ ಎರಡಕ್ಷರ, ಅದಾಗಿ ಹತ್ತು ಹನ್ನೆರಡು ವರ್ಷ ಬಿಟ್ಟು ಮಗನ ಹೆಸರು. ತಂದೆಯ ಹೆಸರು ಹೊಡೆದ ದಿನದಿಂದ ಮಗನ ಹೆಸರು ಬರೆದ ದಿನದವರೆಗೆ ಆ ತೋಟ ಹಾಳು ಬಿದ್ದಿತ್ತೇ? ಇಲ್ಲ. ಅಡಿಕೆ ಮಂಡಿಗೆ ಬಂದಿದೆ, ಕಾಫಿ ಕಣದಲ್ಲಿ ಒಣಗಿದೆ, ಸಾಲದ ಕಂತು ತಡವಾಗಿಯಾದರೂ ತುಂಬಿದೆ. ತುಂಬಿದವರು ಯಾರೆಂದು ರಿಜಿಸ್ಟರು ಹೇಳುವುದಿಲ್ಲ. ಊರಿನಲ್ಲಿ ಕೇಳಿದರೆ, “ಹುಡುಗರ ಅಮ್ಮ ನೋಡಿಕೊಂಡರು” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಸದಸ್ಯ ಬಾಂಧವರೇ, ಈ ಸಲ ಗೊಬ್ಬರ, ಔಷಧಿ, ಧಾರಣೆಗಳನ್ನು ಸ್ವಲ್ಪ ಪಕ್ಕಕ್ಕಿಟ್ಟು ಈ ‘ಹುಡುಗರ ಅಮ್ಮ’ನ ವಿಚಾರ ಬರೆಯಲು ಹೊರಟಿದ್ದೇವೆ. ಮಾತೃಶಕ್ತಿಯ ಗುಣಗಾನ ನಮ್ಮ ಉದ್ದೇಶವಲ್ಲ. ಅದನ್ನು ಸಭೆ ಸಮಾರಂಭಗಳಲ್ಲಿ ಬೇಕಾದಷ್ಟು ಕೇಳಿಯಾಗಿದೆ. ತೋಟ ಉಳಿಸಿದವರ ಹೆಸರು ತೋಟದ ಕಾಗದದಲ್ಲಿ ಇಲ್ಲದಿರುವುದರಿಂದ ಎಷ್ಟೋ ಮನೆಗಳಿಗೆ ನಷ್ಟವಾಗುತ್ತಿದೆ. ಸರಿಪಡಿಸಬಹುದಾದ ನಷ್ಟ ಅದು.

ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯ ತಾಯಿಯೊಬ್ಬರನ್ನು ನಾವು ಬಹುಕಾಲದಿಂದ ಬಲ್ಲೆವು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಈಗ ಎಂಬತ್ತರ ಸಮೀಪದ ವಯಸ್ಸು. ಒಂದೂವರೆ ಎಕರೆ ಅಡಿಕೆ ತೋಟ, ಅದರ ಮೇಲಿನ ಗುಡ್ಡದ ಓರೆಯಲ್ಲಿ ಎರಡು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಮುಕ್ಕಾಲು ಎಕರೆ ಗದ್ದೆ, ಇಷ್ಟು ಆಸ್ತಿ. ಅಣ್ಣತಮ್ಮಂದಿರ ಪಾಲು ಮೊದಲೇ ಆಗಿತ್ತು. 1978ರ ಆಷಾಢದಲ್ಲಿ ಯಜಮಾನರು ಕಾಮಾಲೆಯಿಂದ ತೀರಿಕೊಂಡಾಗ ಇವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ದೊಡ್ಡ ಮಗನಿಗೆ ಒಂಬತ್ತು, ಎರಡನೆಯವನಿಗೆ ಆರು, ಮಗಳಿಗೆ ಎರಡು ವರ್ಷ. ಮನೆಯಲ್ಲಿದ್ದ ಇನ್ನೊಬ್ಬ ಹಿರಿಯರೆಂದರೆ ಅತ್ತೆ. ಅವರೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು, ನಡುಮನೆಯಿಂದ ಅಡಿಗೆಮನೆಗೆ ಅಡಿಗೆಮನೆಯಿಂದ ಬಾವಿಕಟ್ಟೆಗೆ ಎಂದು ಬಾಳು ಕಳೆದವರು. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ 1976ರಲ್ಲಿ ಬಂತು, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಿತ್ರ ಮಾಡಿದರು. ಓದಿದವರಿಗೆ, ನೋಡಿದವರಿಗೆ ಆ ಬಾಳು ಎಂಥದೆಂದು ವಿವರಿಸಬೇಕಿಲ್ಲ.

ಸೊಸೆಯ ಕಾಲಕ್ಕೆ ಕೇಶಮುಂಡನ ನಿಂತುಹೋಗಿತ್ತು. ಆದರೆ ವರ್ಷ ತುಂಬುವವರೆಗೆ ಹೊಸಿಲು ದಾಟಬಾರದು, ಎದುರು ಬಂದರೆ ಅಪಶಕುನ, ಆಳುಗಳ ಜೊತೆ ನಿಂತು ಮಾತಾಡಬಾರದು ಎಂಬವೆಲ್ಲ ಇದ್ದೇ ಇದ್ದವು. ಇತ್ತ ತೋಟದಲ್ಲಿ ಮೊದಲನೆಯ ಸಿಂಪರಣೆಯಾಗಿ ನಲವತ್ತು ದಿನ ಕಳೆದಿತ್ತು. ಬಿಡದೆ ಮಳೆ. ಅಡಿಕೆ ಬೆಳೆಯುವವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಕೊಳೆರೋಗ ಸೂತಕ ನೋಡುವುದಿಲ್ಲ. ಒಂದು ಕೊನೆಗೆ ತಗುಲಿದರೆ ವಾರದಲ್ಲಿ ಸಾಲಿಗೆ ಸಾಲೇ ಕಾಯಿ ಉದುರಿಸುತ್ತದೆ. ಮೈಸೂರು ಸರ್ಕಾರದಲ್ಲಿದ್ದ ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ರೂಢಿಗೆ ತರುವ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ನಮ್ಮ ಹಿರಿಯರಿಗಿದ್ದ ಉಪಾಯ. ಔಷಧಿ ಇದ್ದೂ ಹೊಡೆಯದೆ ಬಿಡುವುದೆಂದರೆ ಆ ವರ್ಷದ ಅನ್ನ ಬಿಟ್ಟಂತೆ.

“ಹನ್ನೆರಡು ದಿವಸ ಒಳಗೆ ಕೂತಿದ್ದೆ. ಹೊರಗೆ ಮಳೆ ಹುಯ್ತಾ ಇತ್ತು. ನಂಗೆ ಅವರ ನೆನಪಿಗಿಂತ ಕೊಳೇದೇ ಚಿಂತೆ ಅಂದ್ರೆ ಜನ ಏನಂದಾರೋ. ಆದ್ರೆ ಇದ್ದದ್ದು ಹಾಗೇ” ಎಂದು ಆ ತಾಯಿ ನಮ್ಮೊಡನೆ ಹೇಳಿದರು.

ವೈಕುಂಠ ಸಮಾರಾಧನೆಯಾದ ಮಾರನೆಯ ದಿನ ಮೈದುನ ಬಂದು ಜಗಲಿಯಲ್ಲಿ ಕುಳಿತರಂತೆ. “ಅತ್ತಿಗೆ, ಗಂಡು ದಿಕ್ಕಿಲ್ಲದ ತೋಟ ನಿಲ್ಲೋದಿಲ್ಲ. ನನಗೆ ಬಿಡಿ. ವರ್ಷಕ್ಕೆ ಅಕ್ಕಿ, ಬಟ್ಟೆಬರೆ, ಹುಡುಗರ ಶಾಲೆ ಖರ್ಚು ನನ್ನದು” ಎಂದರು. ಕೆಟ್ಟ ಮನುಷ್ಯನೇನಲ್ಲ ಎಂದು ತಾಯಿ ಇಂದಿಗೂ ಹೇಳುತ್ತಾರೆ. ಆದರೆ ಹೀಗೆ ಬಿಟ್ಟುಕೊಟ್ಟ ತೋಟ ತಿರುಗಿ ಬಂದ ಉದಾಹರಣೆ ಅವರ ತವರಿನಲ್ಲೂ ಇರಲಿಲ್ಲ, ಗಂಡನ ಊರಿನಲ್ಲೂ ಇರಲಿಲ್ಲ. “ಹುಡುಗ್ರು ದೊಡ್ಡಾಗೋ ತನಕ ನಾನೇ ನೋಡ್ಕೊಳ್ತೇನೆ. ಆಮೇಲೆ ಅವರುಂಟು, ನೀವುಂಟು” ಎಂದಷ್ಟೇ ಒಳಗಿನಿಂದ ಉತ್ತರ ಹೋಯಿತು. ಮೈದುನ ಏನೂ ಹೇಳದೆ ಎದ್ದು ಹೋದರು. ಆ ಮೇಲೆ ಮೂರು ವರ್ಷ ಮಾತಿಲ್ಲ.

ಅತ್ತೆ ಏನೆನ್ನುವರೋ ಎಂಬ ಅಳುಕಿತ್ತು. ಬೆಳಗಿನ ಜಾವ ಸೊಸೆ ಹಿಂಬಾಗಿಲಲ್ಲಿ ನಿಂತದ್ದನ್ನು ಕಂಡ ಅತ್ತೆ ಕೊಟ್ಟಿಗೆಯ ಗೂಟದಿಂದ ಗೊರಬು ತಂದು ಕೈಗೆ ಕೊಟ್ಟರು. “ನಾನು ಒಳಗೆ ಕೂತು ಏನು ಉಳಿಸ್ದೆ? ನೀ ಹೋಗೇ” ಎಂದರಂತೆ. ಸಂಪ್ರದಾಯ ಮೀರಲು ಅನುಮತಿ ಸಿಕ್ಕಿದ್ದು ಸಂಪ್ರದಾಯಕ್ಕೆ ಇಡೀ ಬಾಳನ್ನು ತೆತ್ತವರಿಂದ.

ಔಷಧಿ ಹೊಡೆಯುವವರು ಮಳೆ ಬಿಡುವುದನ್ನು ಕಾಯುತ್ತಾ ತೋಟದ ಮನೆಯಲ್ಲಿ ಕುಳಿತಿದ್ದರು. ಯಜಮಾನರಿಲ್ಲದೆ ಪ್ರಮಾಣ ಹೇಳುವವರಿಲ್ಲ. ಗಂಡ ಮಾಡುವುದನ್ನು ಇವರು ಕಾಫಿ ಲೋಟ ಕೊಡುತ್ತಾ ಹತ್ತು ವರ್ಷ ನೋಡಿದ್ದರು. ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಐವತ್ತೈವತ್ತು ಲೀಟರ್ ನೀರಿನಲ್ಲಿ ಕರಗಿಸುವುದು, ಕಬ್ಬಿಣದ ಪಾತ್ರೆ ಮುಟ್ಟಿಸದಿರುವುದು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು, ಅದನ್ನು ತಿರುಗಾಮುರುಗಾ ಮಾಡದಿರುವುದು. ಕೊನೆಗೆ ಅಡಿಗೆಮನೆಯ ಚಾಕನ್ನು ಅದ್ದಿ ನೋಡಿದರು. ಅಲಗು ಕೆಂಪಾಯಿತು, ಎಂದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಹಾಕಿಸಿ ಮತ್ತೆ ಅದ್ದಿದರು. ಈ ಸಲ ಬಣ್ಣ ಬದಲಾಗಲಿಲ್ಲ. ಆಳುಗಳ ಹಿರಿಯ, “ಆಯ್ತಮ್ಮ, ಅಯ್ಯನೂ ಹಿಂಗೇ ನೋಡ್ತಿದ್ರು” ಎಂದು ಗಂಡುಪಟ್ಟೆ ಕಟ್ಟಿ ಮರ ಹತ್ತಿದ. ಆ ವರ್ಷ ಅಕ್ಕಪಕ್ಕದ ತೋಟಗಳಲ್ಲಿ ಕೊಳೆ ಬಿದ್ದಿತ್ತು, ಇವರ ತೋಟದಲ್ಲಿ ಕಡಿಮೆ. ವಿಧವೆ ಕಾಲಿಟ್ಟರೆ ತೋಟ ಹಾಳು ಎಂದವರು ಅದರ ಮೇಲೆ ಸುಮ್ಮನಾದರು. ಒಪ್ಪಿದರು ಎಂದಲ್ಲ, ಸುಮ್ಮನಾದರು ಅಷ್ಟೆ.

ಮಂಡಿಯ ಪ್ರಕರಣ ಇನ್ನೊಂದು ರೀತಿಯದು. ಅಡಿಕೆ ಸುಲಿದು, ಬೇಯಿಸಿ, ಚೊಗರು ಕೂಡಿಸಿ, ಒಣಗಿಸಿ, ಹಸ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಎಂದು ಆರಿಸುವುದು ಮೊದಲಿನಿಂದಲೂ ನಮ್ಮ ಮನೆಗಳ ಹೆಂಗಸರ ಕೈಯ ಕೆಲಸ. ಯಾವ ಚೀಲದಲ್ಲಿ ಏನಿದೆ ಎಂದು ಮಂಡಿಗೆ ಹೋಗುವ ಗಂಡಸಿಗಿಂತ ಅವರಿಗೇ ಹೆಚ್ಚು ಗೊತ್ತು. ಆದರೆ ಮಂಡಿಯ ಮೆಟ್ಟಿಲು ಹತ್ತುವುದು ಗಂಡಸೇ. ಈ ತಾಯಿ ದೊಡ್ಡ ಮಗನ ಕೈ ಹಿಡಿದುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದರು. ಗುಮಾಸ್ತರು, “ಗಂಡಸರು ಯಾರೂ ಬಂದಿಲ್ವೆ?” ಎಂದು ಎರಡು ಸಲ ಕೇಳಿ, ಹೆಂಗಸಿನ ಹೆಸರಿಗೆ ಬಿಲ್ಲು ಬರೆಯಲು ಮನಸ್ಸು ಬಾರದೆ, ಹತ್ತರ ಹುಡುಗನ ಹೆಸರು ಕೇಳಿ ಬರೆದುಕೊಂಡರು. ತೂಕದ ಹತ್ತಿರ ನಿಂತು ಲೆಕ್ಕ ನೋಡಿದವರು ತಾಯಿ, ಬಿಲ್ಲಿನ ಯಜಮಾನ ನಾಲ್ಕನೆಯ ತರಗತಿಯ ಹುಡುಗ. ತಮಾಷೆಯಾಗಿ ಕಾಣುವ ಈ ಬಿಲ್ಲನ್ನು ಅವರು ಇನ್ನೂ ಇಟ್ಟುಕೊಂಡಿದ್ದಾರೆ.

ಕಾಫಿಯ ವಿಚಾರದಲ್ಲಿ ಪರಿಸ್ಥಿತಿ ಕೊಂಚ ಮೇಲು. ಬ್ರೆಜಿಲಿನಲ್ಲಿ 1975ರ ಜುಲೈ ತಿಂಗಳ ಹಿಮಪಾತದಿಂದ ಕಾಫಿ ಗಿಡಗಳು ಸುಟ್ಟುಹೋದ ಮೇಲೆ ಲೋಕದ ಮಾರುಕಟ್ಟೆಯಲ್ಲಿ ಬೆಲೆ ಏರಿತ್ತು. ಆಗ ಮಂಡಳಿಯ ಪೂಲ್ ಪದ್ಧತಿ. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಬರುವವರೆಗೆ ಅದೇ ನಡೆಯುತ್ತಿತ್ತು. ಕಾಫಿ ಒಪ್ಪಿಸಿದರೆ ಹಣ ಕಂತು ಕಂತಾಗಿ ಬರಬೇಕು. ನಮ್ಮಲ್ಲಿ ಹಲವರು ಈ ಪದ್ಧತಿಯನ್ನು ಬೈದದ್ದೇ ಹೆಚ್ಚು. ಆದರೆ ಚೌಕಾಸಿ ಮಾಡಲು ಪೇಟೆಗೆ ಹೋಗಲಾಗದ ಒಂಟಿ ಹೆಂಗಸಿಗೆ ಗಂಡಸಿನ ಕಾಫಿಗೂ ತನ್ನ ಕಾಫಿಗೂ ಒಂದೇ ಬೆಲೆ ಸಿಗುತ್ತಿದ್ದದ್ದು ಅಲ್ಲಿ ಮಾತ್ರ ಎಂದು ಆ ತಾಯಿ ಹೇಳಿದಾಗ ನಾವು ಯೋಚಿಸುವಂತಾಯಿತು. ತೊಡಕು ಇದ್ದದ್ದು ಬೇರೆ ಕಡೆ. ತೋಟದ ಕಾಗದವೆಲ್ಲ ಗಂಡನ ಹೆಸರಿನಲ್ಲಿ, ಕಂತಿನ ಹಣವೂ ಅವರ ಹೆಸರಿನಲ್ಲಿ. ಸತ್ತವರ ಹೆಸರಿನ ಚೆಕ್ಕನ್ನು ಯಾವ ಬ್ಯಾಂಕು ನಗದು ಮಾಡುತ್ತದೆ? ಕಾಗದ ಬದಲಾಗುವವರೆಗೆ ಎರಡು ವರ್ಷ ಅವಲಕ್ಕಿ ಸರ ಗಿರವಿಯಲ್ಲಿತ್ತು.

ಬದಲಾದ ಕಾಗದದಲ್ಲಾದರೂ ಅವರ ಹೆಸರು ಬಂತೇ ಎಂದರೆ ಬಂದದ್ದು ಹೀಗೆ: ಇಬ್ಬರು ಅಪ್ರಾಪ್ತ ಗಂಡುಮಕ್ಕಳ ಹೆಸರು, ಕೆಳಗೆ ‘ಪೋಷಕಿ ತಾಯಿ’. ಮಗಳ ಹೆಸರಿಲ್ಲ. ಅತ್ತೆಯ ಹೆಸರಂತೂ ಯಾರಿಗೂ ನೆನಪಾಗಲಿಲ್ಲ. “ಹುಡುಗರು ದೊಡ್ಡವರಾಗುತ್ತಾರಲ್ಲ, ನಿಮಗ್ಯಾಕಮ್ಮ?” ಎಂದು ಕಚೇರಿಯಲ್ಲಿ ಹೇಳಿದ್ದನ್ನು ಅವರೂ ಒಪ್ಪಿದರು.

ಕಾನೂನು ಏನು ಹೇಳುತ್ತಿತ್ತು ಎಂಬುದನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದು, ಕೆಲವು ಸಂದರ್ಭಗಳಲ್ಲಿ ತಾಯಿಗೂ ವಿಧವೆಗೂ ಪಾಲು ಸಿಗುವಂತಾಗಿತ್ತು. ಬ್ರಿಟಿಷ್ ಆಡಳಿತದ ಪ್ರಾಂತಗಳಿಗೆ 1937ರಲ್ಲಿ ಬೇರೆ ಕಾಯ್ದೆ ಬಂತು, ಆದರೆ ಅದು ಕೃಷಿಭೂಮಿಗೆ ಅನ್ವಯಿಸುವುದಿಲ್ಲವೆಂದು 1941ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಹೊಲ ತೋಟ ಬಿಟ್ಟು ಬೇರೆ ಆಸ್ತಿಯೇ ಇಲ್ಲದ ರೈತರ ಮನೆಯಲ್ಲಿ ಉಳಿದ ಹಕ್ಕು ಪಾತ್ರೆಪಡಗದ ಮೇಲೆ ಎನ್ನಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಚಿತ್ರ ಬದಲಾಯಿತು. ವಿಧವೆಗೆ ಬರುವ ಆಸ್ತಿ ಬದುಕಿರುವವರೆಗಿನ ಅನುಭೋಗ ಮಾತ್ರವಲ್ಲ, ಪೂರ್ಣ ಒಡೆತನ ಎಂದಾಯಿತು. ಮೊದಲ ವರ್ಗದ ವಾರಸುದಾರರ ಪಟ್ಟಿಯಲ್ಲಿ ಮಗ, ಮಗಳು, ವಿಧವೆ ಇವರ ಜೊತೆಗೆ ಸತ್ತವನ ತಾಯಿಯೂ ಸೇರಿದಳು.

ಈ ಕೊನೆಯ ಮಾತನ್ನು ನಮ್ಮ ಸದಸ್ಯರಲ್ಲಿ ಬಹುಮಂದಿ ಅರಿಯರು. ಪಾಲಾಗಿ ಸ್ವಂತಕ್ಕೆ ಬಂದ ಅಥವಾ ಸ್ವಯಾರ್ಜಿತವಾದ 5 ಎಕರೆ ತೋಟವಿರುವ ಸದಸ್ಯರೊಬ್ಬರು ಉಯಿಲು ಬರೆಯದೆ ತೀರಿಕೊಂಡರು, ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ ಎನ್ನೋಣ. ಐದು ಸಮಪಾಲು, ತಲೆಗೆ 1 ಎಕರೆ. ಮುದುಕಿ ತಾಯಿಗೂ 1 ಎಕರೆ. ಪಿತ್ರಾರ್ಜಿತದ ಲೆಕ್ಕ ಇಷ್ಟು ಸುಲಭವಲ್ಲ. ಅಲ್ಲಿ ಮೊದಲು ಸತ್ತವರ ಪಾಲು ಎಷ್ಟೆಂದು ಗೊತ್ತುಮಾಡಿ, ಆ ಪಾಲನ್ನು ಹಂಚಬೇಕು. ಹೆಣ್ಣುಮಕ್ಕಳ ಮಟ್ಟಿಗೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದಲೂ, ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದಲೂ ಜಾರಿಗೆ ಬಂದು ಮಗಳೂ ಹುಟ್ಟಿನಿಂದಲೇ ಮಗನಂತೆ ಪಾಲುದಾರಳಾದಳು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪಟ್ಟಿಗಳನ್ನು ಇದರಿಂದ ಕೆದಕಲು ಬರುವುದಿಲ್ಲ. ಕ್ರೈಸ್ತ ಹಾಗೂ ಮುಸ್ಲಿಂ ಸದಸ್ಯರ ಮನೆಗಳಿಗೆ ಬೇರೆ ನಿಯಮಗಳಿವೆ. ಅದಕ್ಕೆ ಇಲ್ಲಿ ಸ್ಥಳವಿಲ್ಲ.

ಹೀಗಿರುವಾಗ 1978ರಲ್ಲಿ ಆ ಮನೆಯಲ್ಲಿ ಇಬ್ಬರು ತಾಯಂದಿರಿದ್ದರು, ಇಬ್ಬರಿಗೂ ಕಾನೂನಿನಂತೆ ಪಾಲಿತ್ತು, ಒಬ್ಬರ ಹೆಸರೂ ಪಹಣಿಯ 9ನೆಯ ಕಲಮಿನಲ್ಲಿ ಮಾಲೀಕಳೆಂದು ಏರಲಿಲ್ಲ. ಯಾರೂ ಕಸಿದುಕೊಳ್ಳಲಿಲ್ಲ. ಯಾರೂ ಬರೆಯಲಿಲ್ಲ. ಕಾನೂನಿಗೂ ಒಂದು ಮಿತಿ ಇತ್ತೆನ್ನಿ. ಅವಿಭಕ್ತ ಕುಟುಂಬದಲ್ಲಿ ವಿಧವೆ ಯಜಮಾನಿಕೆ ನಡೆಸುವ ಕರ್ತೃವಾಗಲಾರಳು ಎಂದು 1965ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತ್ತು. ನಡೆಸುತ್ತಿದ್ದವರು ಮಾತ್ರ ಅವರೇ.

ಭೂಸುಧಾರಣೆಯ ಕಾಲದ ಅನುಭವವನ್ನು ಹಿರಿಯ ಸದಸ್ಯರು ಮರೆತಿರಲಾರರು. 1974ರ ಮಾರ್ಚ್ 1ರಿಂದ ಗೇಣಿ ರದ್ದಾದಾಗ ಗೇಣಿದಾರನ ವಿಧವೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು 7ನೆಯ ನಮೂನೆ ಹಿಡಿದು ನ್ಯಾಯಮಂಡಳಿಯ ಮುಂದೆ ನಿಂತದ್ದೂ ಇದೆ; ಸ್ವತಃ ಉಳಲಾರದೆ ಗದ್ದೆಯನ್ನು ಗೇಣಿಗೆ ಕೊಟ್ಟ ಒಡೆಯರ ಮನೆಯ ವಿಧವೆ ಅದನ್ನು ಕಳೆದುಕೊಂಡದ್ದೂ ಇದೆ. ಹೆಂಗಸಿಗೆ ಸಾಗುವಳಿ ತಕ್ಕದ್ದಲ್ಲ ಎಂದ ಸಮಾಜವೇ ಆಕೆಯಿಂದ ಗೇಣಿಗೆ ಕೊಡಿಸಿತು, ಕಾಯ್ದೆ ಸಾಗುವಳಿದಾರನೇ ಒಡೆಯ ಎಂದಿತು. ಕಾಯ್ದೆ ಸರಿಯೇ. ಆದರೆ ಆ ಇಬ್ಬರು ಹೆಂಗಸರಲ್ಲಿ ಗೆದ್ದವಳು ಹೊರಗೆ ಕಾಲಿಟ್ಟವಳು ಎಂಬುದನ್ನು ಗಮನಿಸಬೇಕು. ಘಟ್ಟದ ಕೆಳಗಿನ ಸದಸ್ಯರು, ನಮ್ಮಲ್ಲಿ ಅಳಿಯಸಂತಾನ, ಆಸ್ತಿ ತಾಯಿಯ ಕಡೆಯಿಂದಲೇ ಬರುವುದು ಎನ್ನಬಹುದು. ನಿಜ, ಬರುವುದು ತಾಯಿಯ ಕಡೆಯಿಂದ. ಕೀಲಿಕೈ ಮಾತ್ರ ಹೆಚ್ಚಿನ ಮನೆಗಳಲ್ಲಿ ಸೋದರಮಾವನ ಸೊಂಟದಲ್ಲಿತ್ತು.

ಹೆಸರು ಮಾಡಿದ ಒಬ್ಬರನ್ನು ಇಲ್ಲಿ ನೆನೆಯದಿದ್ದರೆ ಕಾಫಿ ಬೆಳೆಗಾರರ ಪತ್ರಿಕೆಗೆ ಶೋಭೆಯಲ್ಲ. ಕಾಫಿಪುಡಿ ಸಾಕಮ್ಮನವರು ತುಮಕೂರು ಸೀಮೆಯ ಬಡ ಮನೆಯಲ್ಲಿ ಹುಟ್ಟಿ, ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರಿಗೆ ಮೂರನೆಯ ಹೆಂಡತಿಯಾಗಿ ಹೋಗಿ, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ತೋಟವನ್ನು ತಾವೇ ನಿಂತು ನಡೆಸಿ, ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿದರು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ನೇಮಕವಾದ ಮೊದಲ ಮಹಿಳೆಯರಲ್ಲಿ ಒಬ್ಬರು. ಅವರ ಹೆಸರು ಪುಡಿಗೇ ಅಂಟಿತು. ಬೆಳೆದ ಮಾಲಿನ ಮೇಲೆ ಹೆಂಗಸಿನ ಹೆಸರು ಬಿದ್ದರೆ ಮಾಲು ಕೆಡುವುದಿಲ್ಲ ಎಂಬುದು ಸುಮಾರು ನೂರು ವರ್ಷದ ಹಿಂದೆಯೇ ಗೊತ್ತಾದ ಸಂಗತಿ.

ಸಾಮಾನ್ಯ ತೋಟಗಳ ಲೆಕ್ಕವನ್ನು ನೋಡಿ. ಎಕರೆವಾರು ಖರ್ಚಿನ ಪಟ್ಟಿ ಮಾಡುವಾಗ ನಾವು ಗೊಬ್ಬರ, ಮೈಲುತುತ್ತ, ಕೊನೆ ಕೀಳುವವನ ಕೂಲಿ, ಸುಲಿಯುವ ಕೂಲಿ, ಕಸಿ, ಚಿಗುರು ತೆಗೆತ, ಸೊಪ್ಪಿನ ಹೊರೆ, ಆಳುಗಳ ಕಾಫಿ ತಿಂಡಿ ಎಲ್ಲವನ್ನೂ ಬರೆಯುತ್ತೇವೆ. ಆ ಕಾಫಿ ತಿಂಡಿ ಮಾಡಿದವರ ಕೂಲಿ ಯಾವ ಕಲಮಿನಲ್ಲೂ ಇಲ್ಲ. ಸುಗ್ಗಿಯಲ್ಲಿ ಬೆಳಗಿನ ನಾಲ್ಕಕ್ಕೆ ಹಂಡೆಯಡಿ ಬೆಂಕಿ ಹಾಕಿ, ರಾತ್ರಿ ಹನ್ನೊಂದರವರೆಗೆ ಸುಲಿಯುವವರ ಜೊತೆ ಕುಳಿತು, ನಡುವೆ ಹಟ್ಟಿ ಕೊಟ್ಟಿಗೆ ಮಕ್ಕಳು ನೋಡಿದವರ ಕೂಲಿ ಹಾಕಿದರೆ ನಮ್ಮಲ್ಲಿ ಎಷ್ಟು ತೋಟ ಲಾಭದಲ್ಲಿವೆಯೋ ಹೇಳುವುದು ಕಷ್ಟ. ಮೆಟ್ಟುಗತ್ತಿಯ ಮುಂದೆ ಕೂರುವ ಕೂಲಿಯ ತಾಯಿಯ ಪಾಡು ಇದಕ್ಕಿಂತ ಬಿಗಿ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ‘ಗಂಡಾಳು, ಹೆಣ್ಣಾಳು’ ಎಂದು ಕೂಲಿಯನ್ನು ಎರಡು ಬಗೆಯಾಗಿ ಹೇಳುವ ಅಭ್ಯಾಸ ನಮ್ಮ ತೋಟಗಳಿಂದ ಇನ್ನೂ ಹೋಗಿಲ್ಲ. ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಮತ್ತೆ ಕೊಪ್ಪದ ತಾಯಿಯ ಕಡೆಗೆ ಬರೋಣ. ಮಕ್ಕಳು ಓದಿದರು, ಮದುವೆಗಳಾದವು. ಮಗಳ ಮದುವೆ ಆ ವರ್ಷದ ಕಾಳುಮೆಣಸಿನಲ್ಲಿ ಆಯಿತು. 2001ರಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳಲು ಕುಳಿತಾಗ, ತಂಗಿಗೆ ಚಿನ್ನ ಕೊಟ್ಟು ಮದುವೆ ಮಾಡಿದೆಯಲ್ಲ ಎಂಬ ಮಾತು ಬಂತು. “ಚಿನ್ನ ಕೊಟ್ಟದ್ದು ನಾನು. ಪಾಲು ಕೊಡೋದು ಅವಳಪ್ಪ” ಎಂದರು ತಾಯಿ. ಮಗಳಿಗೆ ಕಾಫಿಯ ಕಡೆ ಅರ್ಧ ಎಕರೆ ಬರೆದರು. ಊರಿನ ಹಿರಿಯರಿಗೆ ಇದು ಹಿಡಿಸಲಿಲ್ಲ. ಆದರೆ ಅದೇ ಪಾಲುಪಟ್ಟಿಯಲ್ಲಿ ತಾಯಿಯ ಬಗ್ಗೆ ಇದ್ದದ್ದು ಒಂದೇ ಸಾಲು: ತಾಯಿಯು ತನಗಿಷ್ಟವಾದ ಮಗನ ಮನೆಯಲ್ಲಿ ಇರತಕ್ಕದ್ದು. ಮಗಳಿಗಾಗಿ ಪಟ್ಟು ಹಿಡಿದವರು ತಮಗಾಗಿ ಬಾಯಿ ಬಿಡಲಿಲ್ಲ. ಇದರ ಫಲ ಬೇಗ ಕಂಡಿತು. ಇಪ್ಪತ್ತಮೂರು ವರ್ಷ ತೋಟ ನಡೆಸಿದವರು ಪೇಟೆಯ ಸಂಘವೊಂದರಲ್ಲಿ ಸದಸ್ಯರಾಗಲು ಹೋದಾಗ, ಜಮೀನಿನ ಪಹಣಿ ತನ್ನಿ ಎಂದರು. ತರಲು ಇರಲಿಲ್ಲ. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ಅಷ್ಟೆ, ಜಮೀನು ಹೆಸರಿನಲ್ಲಿದ್ದವರಿಗೆ. ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲಿವೆ. ಆ ಕುರ್ಚಿಯಲ್ಲಿ ಕೂರಬೇಕಾದರೂ ಮೊದಲು ಸದಸ್ಯತ್ವ ಬೇಕು, ಸದಸ್ಯತ್ವಕ್ಕೆ ಪಹಣಿ ಬೇಕು.

2016ರಲ್ಲಿ ದೊಡ್ಡ ಮಗ ಹೃದಯಾಘಾತದಿಂದ ಹೋದ. ಸೊಸೆಗೆ ನಲವತ್ತೂ ಆಗಿರಲಿಲ್ಲ, ಎರಡು ಮಕ್ಕಳು. ಇಪ್ಪತ್ತನೆಯ ದಿನ ಅತ್ತೆ ಸೊಸೆಯನ್ನು ಜೀಪು ಹತ್ತಿಸಿಕೊಂಡು ನಾಡಕಚೇರಿಗೆ ಹೋದರು. ಬಂಧುಗಳು, ಇಷ್ಟು ಅವಸರವೇ ಎಂದು ಹಿಂದಿನಿಂದ ಆಡಿಕೊಂಡರು. ಕಚೇರಿಯಲ್ಲಿದ್ದ ಯುವಕ, “ಮಗ ದೊಡ್ಡವನಾದ ಮೇಲೆ ಅವನ ಹೆಸರಿಗೇ ಮಾಡಿಸಿದ್ರಾಯ್ತಲ್ಲ ಅಜ್ಜಿ?” ಎಂದ. “ಮೂವತ್ತೆಂಟು ವರ್ಷದ ಹಿಂದೆ ನಂಗೂ ಹಾಗೇ ಹೇಳಿದ್ರು ಮಾರಾಯ. ನೀ ಬರ್ಕೋ” ಎಂದರಂತೆ. ಬರೆದುಕೊಂಡ.

ಈ ಸಂದರ್ಭದಲ್ಲಿ ಮಗನ ಪಾಲಿನಲ್ಲಿ ಹೆಂಡತಿ ಮಕ್ಕಳ ಜೊತೆ ಅವರಿಗೂ ಸಮಪಾಲಿತ್ತು. ಅದನ್ನು ಅವರು ಹಕ್ಕು ಬಿಡುಗಡೆ ಪತ್ರ ಮಾಡಿ ಸೊಸೆಗೆ ಕೊಟ್ಟುಬಿಟ್ಟರು. ಇಲ್ಲಿ ನಮಗೂ ಅವರಿಗೂ ಭಿನ್ನಾಭಿಪ್ರಾಯವಿದೆ. “ನಾಳೆ ಸೊಸೆ ನೋಡಿಕೊಳ್ಳದಿದ್ದರೆ?” ಎಂದು ಕೇಳಿದೆವು. “ನೋಡ್ಕೊಳ್ಳದ ಸೊಸೆ ನನ್ನ ಹೆಸರಿದ್ರೂ ನೋಡ್ಕೊಳ್ಳಲ್ಲ. ಎರಡು ಹೆಸರಿದ್ರೆ ಪ್ರತಿ ಸಾಲಕ್ಕೂ ಎರಡು ಸಹಿ. ನಂಗೆ ಕಣ್ಣು ಕಾಣಲ್ಲ, ಅವಳಿಗೆ ತೋಟ ನಡೀಬೇಕು” ಎಂದರು. ಅವರ ಮಾತಿನಲ್ಲಿ ವ್ಯವಹಾರಜ್ಞಾನ ಇಲ್ಲವೆನ್ನಲಾರೆವು. ಅವರ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾಳೆ, ಬಿಳಿ ಕಾಂಡಕೊರಕ ಹಿಡಿದ ಗಿಡಗಳನ್ನು ಕಿತ್ತು ಸುಡುವುದರಲ್ಲಿ ಆ ಊರಿಗೇ ಮುಂದು. ಆದರೆ ಎಲ್ಲ ಮನೆಯಲ್ಲೂ ಅಂಥ ಸೊಸೆ ಮಗ ಇರುವುದಿಲ್ಲ. ಪಾಲು ಬಿಟ್ಟುಕೊಟ್ಟು ತಿಂಗಳಿಗೊಬ್ಬ ಮಗನ ಮನೆ ಎಂದು ಚೀಲ ಹಿಡಿದು ತಿರುಗುವ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. 2007ರಲ್ಲಿ ಬಂದ ಹಿರಿಯ ನಾಗರಿಕರ ಪಾಲನೆ ಪೋಷಣೆಯ ಕಾಯ್ದೆಯಂತೆ, ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟವರು, ಪಡೆದವರು ಮಾತಿಗೆ ತಪ್ಪಿದರೆ, ಆ ಪತ್ರವನ್ನು ರದ್ದುಮಾಡಿಸಲು ನ್ಯಾಯಮಂಡಳಿಗೆ ಹೋಗಬಹುದು. ಷರತ್ತು ಪತ್ರದಲ್ಲಿ ಬರೆದಿರಬೇಕು. ಬಾಯಿಮಾತಿನ ಷರತ್ತನ್ನು ನಂಬಿಕೊಂಡು ಕಚೇರಿ ಅಲೆಯುವುದು ಬೇಡ. ಕೊಡಲೇಬೇಕೆನ್ನುವವರು ಇದೊಂದು ಸಾಲನ್ನು ಮರೆಯದೆ ಹಾಕಿಸಲಿ ಎಂದು ನಮ್ಮ ಸಲಹೆ. ಕೊಡದೆ ಇಟ್ಟುಕೊಂಡರೆ ಇನ್ನೂ ಮೇಲು.

ನಮ್ಮ ಕಥೆ ಬರೆಯುವುದಕ್ಕಿಂತ ಏನೇನು ಕಾಗದ ಬೇಕೆಂದು ಬರೆಯಿರಿ, ಆಗ ಹೇಳುವವರಿಲ್ಲದೆ ನಾನು ಎಷ್ಟು ಸಲ ಅಲೆದೆ ಎಂದು ಆ ತಾಯಿ ಹೇಳಿದ್ದರಿಂದ ಅದನ್ನೂ ಬರೆಯುತ್ತೇವೆ. ಮನೆಯ ಯಜಮಾನರು ತೀರಿಕೊಂಡರೆ ವಾರಸಿನ ಹಕ್ಕನ್ನು ಮೂರು ತಿಂಗಳೊಳಗೆ ಕಂದಾಯ ಇಲಾಖೆಗೆ ತಿಳಿಸಬೇಕೆಂದು 1964ರ ಭೂಕಂದಾಯ ಕಾಯ್ದೆ ಹೇಳುತ್ತದೆ. ತಡವಾದರೆ ಹಕ್ಕು ಹೋಗುವುದಿಲ್ಲ, ಅಲೆದಾಟ ಹೆಚ್ಚುತ್ತದೆ. ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ಸರ್ವೆ ನಂಬರುಗಳ ಈಚಿನ ಪಹಣಿ, ವಾರಸುದಾರರ ಆಧಾರ್ ಪ್ರತಿ ಇಟ್ಟುಕೊಳ್ಳಿ. ವಂಶವೃಕ್ಷ ಬರೆಸುವಾಗ ಬಿಟ್ಟುಹೋಗುವುದು ಸಾಮಾನ್ಯವಾಗಿ ಇಬ್ಬರ ಹೆಸರು, ಸತ್ತವರ ತಾಯಿಯದು ಮತ್ತು ಮದುವೆಯಾಗಿ ಹೋದ ಮಗಳದು. ಸಹಿ ಹಾಕುವ ಮೊದಲು ಬೆರಳಿಟ್ಟು ಓದಿಸಿಕೊಳ್ಳಿ. ನೋಟೀಸು ಹೊರಡಿಸಿದ ಮೇಲೆ ತಕರಾರಿಗೆ ಕೆಲವು ದಿನ ಅವಕಾಶವಿದೆ. ಅದು ಕಳೆದು ಹೊಸ ಪಹಣಿ ಬಂದಾಗ 9ನೆಯ ಕಲಮಿನಲ್ಲಿ ಹೆಸರು, 12ನೆಯ ಕಲಮಿನಲ್ಲಿ ಬೆಳೆ ಎರಡನ್ನೂ ನೋಡಿಕೊಂಡು, ಒಂದು ಪ್ರತಿಯನ್ನು ಸಂಘದ ಕಚೇರಿಗೆ ತಲುಪಿಸಿದರೆ ಷೇರನ್ನು ಬದಲಾಯಿಸುವ ಅರ್ಜಿಯನ್ನು ಅಲ್ಲಿಯೇ ತುಂಬಿಕೊಡುತ್ತಾರೆ. ಬರುವಾಗ ಅಮ್ಮನನ್ನು ಜೊತೆಗೆ ಕರೆತನ್ನಿ. ಸಹಿ ಅವರದೇ ಬೇಕು.